ಮೊದಲನೇ ರನ್

ಫರ್ಜಾನಾ ಬೀಸಿದ ಬ್ಯಾಟಿಗೆ ಚೆಂಡು ಸಿಕ್ಕಿದ್ದೇ ತಡ, ಮೂರನೇ ಬೇಸಿನಲ್ಲಿ ತುದಿಗಾಲಲ್ಲಿ ನಿಂತಿದ್ದ ಕಾವ್ಯ ಓಟ ಕಿತ್ತಳು. ಕೊನೆಯ ಇನ್ನಿಂಗ್ಸು, ಎರಡೂ ಕಡೆ ಸೊನ್ನೆ. ಕಾವ್ಯ ಬಂದು ಹೋಮ್ ಪ್ಲೇಟ್ ಎನ್ನುವ ಹಲಗೆ ತುಳಿದರೆ ಮುಗಿಯಿತು, ಚಳ್ಳಕೆರೆ ಕಾಲೇಜಿನ ಹುಡುಗಿಯರ ಸಾಫ್ಟ್‌ಬಾಲ್ ಟೀಮಿಗೆ ಹುಟ್ಟಿದ ಮೇಲೆ ಮೊದಲ ರನ್ನು, ಮೊದಲ ಗೆಲುವು ಎರಡೂ ಒಟ್ಟಿಗೇ. ಈ ಸಲವೂ ಗೆಲ್ಲದಿದ್ದರೆ ಟೀಮು ಮುಚ್ಚುವುದೇ ಸರಿ ಎಂದು ಪ್ರಿನ್ಸಿಪಾಲ್ ಮುರುಗೇಂದ್ರಪ್ಪನವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ಬ್ಯಾಟು, ಗ್ಲೌಸು ಸ್ಟೋರ್ ರೂಮಿಗೆ, ಹುಡುಗಿಯರು ರಂಗೋಲಿ ಸ್ಪರ್ಧೆಗೆ.

ಕಾವ್ಯ ಬಂದಳು. ಏನು ಬರುವುದು ಅಂತೀರಿ, ತನ್ನೂರು ಕೊಂಡ್ಲಹಳ್ಳಿಯ ಹೊಲದಲ್ಲಿ ಹೋರಿ ಅಟ್ಟಿಸಿಕೊಂಡು ಬಂದರೂ ಆ ಹುಡುಗಿ ಹಾಗೆ ಓಡಿರಲಿಕ್ಕಿಲ್ಲ. ಆದರೆ ಬಂದವಳು ಪ್ಲೇಟ್ ತುಳಿಯಲಿಲ್ಲ. ಅದರ ಮೇಲಿಂದ ಚಂಗನೆ ಹಾರಿ ಆಚೆ ಇಳಿದಳು. ಜನ ಶಿಳ್ಳೆ ಹೊಡೆದರು. ಶಿವಮೊಗ್ಗ ಟೀಮಿನ ಕ್ಯಾಚರ್ ಹುಡುಗಿ ತಡವಾಗಿ ಕೈಗೆ ಬಂದ ಚೆಂಡನ್ನು ಹಿಡಿದುಕೊಂಡು, ಸೋತೆವೆಂದು ತಲೆ ತಗ್ಗಿಸಿದಳು. ಅಂಪೈರ್ ಮಾತ್ರ ಕೈ ಎತ್ತಲೂ ಇಲ್ಲ, ಬಾಯಿ ಬಿಡಲೂ ಇಲ್ಲ.

ತರಬೇತಿಯ ಮೇಷ್ಟ್ರು ಹಾಲೇಶಪ್ಪನವರು ಅಂಪೈರ್ ಮುಖ ನೋಡಿದವರೇ, ಕಾವ್ಯ ಪ್ಲೇಟ್ ಮುಟ್ಟಿಲ್ಲವೆಂದು ತಿಳಿದುಕೊಂಡರು. ತಪ್ಪು ಅವರದ್ದೇ. ಅಭ್ಯಾಸಕ್ಕೆ ಸುಣ್ಣದ ಗೆರೆ ಎಳೆದು ಅದನ್ನೇ ಪ್ಲೇಟ್ ಅನ್ನುತ್ತಿದ್ದರು, ಹುಡುಗಿಯರು ಧಾರಾಳವಾಗಿ ತುಳಿಯುತ್ತಿದ್ದರು. ಈವತ್ತು ನಿಜವಾದ ಹಲಗೆ ಹಾಕಿಸಿ, ಶುಭವಾಗಲಿ ಎಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಅಂಪೈರ್ ಬ್ರಷ್ ಆಡಿಸಿದರೂ ಕುಂಕುಮ ಹೋಗಿರಲಿಲ್ಲ. ಪೂಜೆ ಮಾಡಿದ ಹಲಗೆಗೆ ಆ ಹುಡುಗಿ ಕಾಲಿಡುವುದು ಹೇಗೆ?

ವಾಪಸ್ ಬಾ ಎಂದು ಕೂಗಿದರೆ ಕ್ಯಾಚರ್‌ಗೂ ತಿಳಿಯುತ್ತದೆ. ಅವಳು ಚೆಂಡು ಮುಟ್ಟಿಸಿಬಿಟ್ಟರೆ ಕಾವ್ಯ ಔಟು. ಸುಮ್ಮನಿದ್ದರೆ ರನ್ನೇ ಇಲ್ಲ. ಪಾಪ ಮೇಷ್ಟ್ರು, ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರಂತೆ ನಿಂತರು.

ಆಗ ಮೊದಲನೇ ಬೇಸಿನಿಂದ ಫರ್ಜಾನಾಳ ದನಿ ಬಂತು. ಮೊಳಕಾಲ್ಮೂರಿನ ಮೆಕ್ಯಾನಿಕ್ ಲಾಲ್ ಸಾಬರ ಮಗಳು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಅಪ್ಪನ ಗ್ಯಾರೇಜಿಗೆ ಬರುವ ಆಂಧ್ರದ ಲಾರಿಯವರ ಜೊತೆ ತೆಲುಗು.

"ಕಾವ್ಯಾ, ವೆನಕ್ಕಿ ರಾ. ನುವ್ವು ತೊಕ್ಕಲೇದು."

ಹಿಂದಕ್ಕೆ ಬಾ, ನೀನು ತುಳಿದಿಲ್ಲ. ಶಿವಮೊಗ್ಗದವರಿಗೆ ಅದೇನು ಗೊತ್ತಾಗಬೇಕು? ಆಂಧ್ರದ ಗಡಿ ಸೀಮೆಯ ಕಾವ್ಯಳಿಗೆ ಗೊತ್ತಾಯಿತು. ಗಕ್ಕನೆ ತಿರುಗಿದಳು. ಅವಳು ತಿರುಗಿದ್ದು ಕಂಡು ಕ್ಯಾಚರ್‌ಗೂ ಹೊಳೆಯಿತು, ಅವಳೂ ಚೆಂಡು ಹಿಡಿದು ನುಗ್ಗಿದಳು. ಈಗಲಾದರೂ ಒಂದು ಕಾಲು ಚಾಚಿದರೆ ಆಗುತ್ತಿತ್ತು. ಆದರೆ ಕಾವ್ಯ ಬಗ್ಗಿದಳು. ಮೇಷ್ಟ್ರು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಅವಳು ಬಲಗೈಯಿಂದ ಹಲಗೆ ಮುಟ್ಟಿದಳು, ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕ್ಯಾಚರ್ ಕೈಯ ಚೆಂಡು ಅವಳ ಬೆನ್ನಿಗೆ ತಾಗಿತು.

"ಸೇಫ್," ಎಂದರು ಅಂಪೈರ್. ಕೈಯಾದರೇನು, ಕಾಲಾದರೇನು, ಮುಟ್ಟಿದರೆ ಸಾಕು.

ಆಮೇಲೆ ಮೈದಾನದಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ ದೇವರಿಗೇ ಗೊತ್ತು. ಮುರುಗೇಂದ್ರಪ್ಪನವರು ಟೀಮು ಕಟ್ಟಿಸಿದ್ದೇ ತಾವು ಎನ್ನುವ ಹಾಗೆ ಎಲ್ಲರ ಕೈ ಕುಲುಕಿದರು. ಹುಡುಗಿಯರು ಕುಣಿದು ಕುಣಿದು ದಣಿದರು, ಸಂತೋಷ ಮಾತ್ರ ಮುಗಿಯಲಿಲ್ಲ.

ಮರುದಿನ ಸೆಮಿಫೈನಲ್. ಹಾಲೇಶಪ್ಪನವರು ಎಲ್ಲರಿಗಿಂತ ಮೊದಲೇ ಬಂದು, ಒದ್ದೆ ಬಟ್ಟೆ ಹಿಡಿದು ಹಲಗೆಯ ಕುಂಕುಮ ಉಜ್ಜಲು ಕೂತರು. ಅಷ್ಟರಲ್ಲಿ ಮೈದಾನಕ್ಕಿಳಿದು ಕಸರತ್ತು ಮಾಡುತ್ತಿದ್ದ ಫರ್ಜಾನಾ ಬಂದು ಅವರ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ಇರ್ಲಿ ಬಿಡ್ರಿ ಸಾರ್. ಎಲ್ಲಾರೂ ಕೈಯಾಗೇ ಮುಟ್ತೀವಿ."