ಬರೆದ ಹಾಳೆ ಬೇರೆ

ಮನೆಮನೆಯ ಹಳೇ ಕಾಗದ ಎತ್ತುವ ಅಮೀರ್ ಬೀ ಮಾಸ್ತರನ ಅಂಗಳದಲ್ಲಿ ರದ್ದಿ ಹರವಿಕೊಂಡು ವಿಂಗಡಿಸುತ್ತಿದ್ದಳು. ಪೇಪರುಗಳು ಒಂದು ಕಡೆ, ಬಿಚ್ಚಿ ಚಪ್ಪಟೆ ಮಾಡಿದ ರಟ್ಟಿನ ಡಬ್ಬಿಗಳು ಇನ್ನೊಂದು ಕಡೆ. ಮಿರ್ಚಿ ಭಜಿ ಕಟ್ಟಿ ತಂದಿದ್ದ ಹಾಳೆಯನ್ನು ಮೂಸಿ ನೋಡಿ ಹೊರಗೆಸೆದಳು. "ಎಣ್ಣಿ ಹತ್ತಿದ್ದು ಇದರಾಗ ಹಾಕಬ್ಯಾಡ್ರಿ ಮಾಸ್ತರ್. ಒಂದು ಹಾಳಿ ಇಡೀ ಗಂಟು ಕೆಡಸ್ತದ." ಆಮೇಲೆ ಕೈಬರಹದ ನಾಲ್ಕಾರು ಹಾಳೆಗಳನ್ನು ಆರಿಸಿ, ಬೇರೆಯೇ ಒಂದು ಬಟ್ಟೆಚೀಲಕ್ಕೆ ತುರುಕಿದಳು.

ಹೊಸ್ತಿಲಲ್ಲಿ ನಿಂತಿದ್ದ ಮೌನಪ್ಪ ಮಾಸ್ತರ ಆ ಚೀಲದ ಮೇಲೇ ಕಣ್ಣಿಟ್ಟ.

ಅಂದು ಬೆಳಿಗ್ಗೆಯೇ ಊರಿನಿಂದ ಸೋದರಮಾವ ತಾಯಣ್ಣ ದೇವದುರ್ಗಕ್ಕೆ ಬಂದು ಹೋಗಿದ್ದ. ಕೇರಿಗೆ ಮಂಜೂರಾದ ಬೋರಿಂಗನ್ನು ಗೌಡರು ತಮ್ಮ ದೊಡ್ಡಿಯೊಳಗೆ ಹೊಡೆಸಿಕೊಂಡಿದ್ದರು. ಅದರ ವಿರುದ್ಧ ಮೌನಪ್ಪನೇ ಅರ್ಜಿ ಬರೆದು, ಕೇರಿಯ ಹದಿನೇಳು ಮಂದಿಯ ಹೆಬ್ಬೆಟ್ಟು ಒತ್ತಿಸಿ, ತಾಲೂಕು ಕಚೇರಿಗೆ ಕೊಟ್ಟು ತಿಂಗಳಾಗಿತ್ತು. ಈಗ ಗೌಡರು ಆ ಹದಿನೇಳು ಮಂದಿಯನ್ನೇ ಹೆಸರು ಹಿಡಿದು ಕರೆಸಿ, ನಾಳೆಯಿಂದ ಕೂಲಿಗೆಂದು ನಮ್ಮ ಹೊಲಕ್ಕೆ ಕಾಲಿಡಬೇಡಿ ಎಂದಿದ್ದರು.

"ಎಲ್ಲಾರ ಹೆಸರು ಒಟ್ಟಿಗಿ ಗೊತ್ತಿದ್ದದ್ದು ನಿನಗೊಬ್ಬಂಗ," ಅಂದಿದ್ದ ತಾಯಣ್ಣ. ಕೊಟ್ಟ ನೀರನ್ನೂ ಕುಡಿದಿರಲಿಲ್ಲ. "ನೌಕರಿ ಸಿಕ್ಕಮ್ಯಾಲ ಮೌನಪ್ಪ ಗೌಡರ ಕಡಿ ಆಗ್ಯಾನ ಅಂತಾರ ಮಂದಿ. ನಾ ಏನು ಹೇಳ್ಲಿ?"

ಕಚೇರಿಯವರ ಮೇಲೆ ಮೌನಪ್ಪನಿಗೆ ಸಂಶಯವೇ ಬರಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ, ಅರ್ಜಿಯ ಮೇಲೆ ಸಿಕ್ಕಾ ಒತ್ತಿ ತೆಗೆದುಕೊಂಡಿದ್ದರು. ಆದರೆ ಹೆಸರುಗಳೆಲ್ಲ ಇದ್ದ ಅದರ ಕರಡನ್ನು ಅವನು ಹೋದ ತಿಂಗಳ ರದ್ದಿಯಲ್ಲೇ ಹಾಕಿದ್ದ.

ಅಮೀರ್ ಬೀ ಗಂಟು ಹೊತ್ತು ಹೊರಟಳು. ಅವನು ಚಪ್ಪಲಿ ಮೆಟ್ಟಿ ದೂರದಿಂದ ಬೆನ್ನು ಹತ್ತಿದ. ಅವಳು ಪೇಪರಿನ ಗಂಟು ಇಳಿಸಿದ್ದು ಗೌಡರ ಅಳಿಯನ ಕಿರಾಣಿ ಅಂಗಡಿಯಲ್ಲಿ! ಬಟ್ಟೆಚೀಲ ಮಾತ್ರ ಹೆಗಲಿನಿಂದ ಇಳಿಯಲಿಲ್ಲ. ಅವಳ ಮನೆಯ ಬಾಗಿಲಲ್ಲಿ ಅವನು ಅವಳನ್ನು ತಡೆದು ನಿಲ್ಲಿಸಿದ.

"ಬರೆದ ಹಾಳಿ ಬ್ಯಾರೆ ಯಾಕ ಇಡ್ತಿ? ಯಾರಿಗಿ ಒಯ್ದು ಕೊಡ್ತಿ? ಖರೇ ಹೇಳು."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಬಿಗಿಯಿತು. "ಒಳಗ ಬಂದು ನೋಡ್ರಿ."

ದೊಡ್ಡ ಮಡಕೆಯಲ್ಲಿ ಹಾಳೆಗಳು ನೆನೆಯುತ್ತಿದ್ದವು. ಒರಳಿನಲ್ಲಿ ಮೆಂತ್ಯದ ಜೊತೆ ಅರೆದ ಕಾಗದದ ಬೂದುಬಣ್ಣದ ಮುದ್ದೆ. ಬೋರಲು ಹಾಕಿದ ಗಡಿಗೆಗಳ ಮೇಲೆ ಅದನ್ನೇ ಮೆತ್ತಿ ಮಾಡಿದ ಬುಟ್ಟಿಗಳು ಗೋಡೆಯುದ್ದಕ್ಕೂ ಒಣಗುತ್ತಿದ್ದವು.

"ಬರೆದದ್ದು ಅಂಗಡಿಗಿ ಕೊಟ್ರ ಪುಡಿಕಿ ಕಟ್ತಾರ. ಒಬ್ಬರ ಮನಿ ಸುದ್ದಿ ಇನ್ನೊಬ್ಬರ ಮನಿಗಿ ಸಕ್ರಿ ಜೋಡಿ ಹೋಗ್ತದ. ಅದಕ್ಕ ನೀರಿಗಿ ಹಾಕ್ತೀನಿ. ನಿಮ್ಮದೂ ಯಾವುದೋ ಬುಟ್ಟ್ಯಾಗ ಅದ, ಹುಡಿಕ್ಕೋರಿ."

ಮೌನಪ್ಪ ತಲೆ ತಗ್ಗಿಸಿದ. ಬೋರಿಂಗಿನ ಸಂಗತಿ, ಹದಿನೇಳು ಹೆಬ್ಬೆಟ್ಟು, ತಾಯಣ್ಣ ಆಡಿದ ಮಾತು ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದ. ಹೆಬ್ಬೆಟ್ಟು ಅಂದದ್ದೇ ಅವಳು ಎದ್ದು ಹೋಗಿ ಟ್ರಂಕಿನಿಂದ ಒಂದು ಕಾಗದ ತಂದಳು.

"ಇದೊಂದು ನೆನಿ ಹಾಕಿಲ್ಲ. ಓದಾಕ ನನಗ ಬರಂಗಿಲ್ಲ, ಹೆಬ್ಬೆಟ್ಟು ಗೊತ್ತಾಗ್ತದ. ಇಷ್ಟು ಮಂದಿ ನಂಬಿ ಒತ್ಯಾರ. ಹೆಂಗ ಅರೀಲಿ?"

ಅವನದೇ ಅಕ್ಷರ. ಕರಡಲ್ಲ, ಮೇಲೆ ಕಚೇರಿಯ ಸಿಕ್ಕಾ ಇತ್ತು. ಹದಿನೇಳು ಹೆಸರಿನ ಎದುರಿಗೂ ಯಾರೋ ಕೆಂಪು ಪೆನ್ಸಿಲ್ಲಿನಿಂದ ಒಂದೊಂದೇ ಗುರುತು ಹಾಕಿಕೊಂಡು ಹೋಗಿದ್ದರು.

"ಇದು ನಿನಗ ಎಲ್ಲಿ ಸಿಕ್ತು?"

"ತಾಲೂಕು ಕಚೇರಿ ರದ್ದಿನೂ ನಾನೇ ಎತ್ತೋದ್ರಿ."

ಕುರ್ಚಿ ಕೊಟ್ಟು ಕೂರಿಸಿದವರ ಸಿಕ್ಕಾವನ್ನು ಅವನು ಮತ್ತೊಮ್ಮೆ ನೋಡಿದ. ಕಾಗದವನ್ನು ಜೋಪಾನವಾಗಿ ಮಡಿಚಿ ಒಳಜೇಬಿಗೆ ಇಟ್ಟುಕೊಂಡ. "ಈಗಿಂದೀಗ ಊರಿಗಿ ಹೋಗಿ ಮಾವಗ ತೋರಸ್ತೀನಿ. ಮತ್ತೊಂದು ಅರ್ಜಿ ಬರದು, ಈ ಸಲ ಸೀದಾ ರಾಯಚೂರಿನ ದೊಡ್ಡ ಕಚೇರಿಗೇ ಕೊಡ್ತೀನಿ."

ಅಮೀರ್ ಬೀ ಮುದ್ದೆಯನ್ನು ಗಡಿಗೆಗೆ ಮೆತ್ತುತ್ತಿದ್ದವಳು ಕೈ ತಡೆದಳು.

"ಕೊಡ್ರಿ ಮಾಸ್ತರ್. ಆದ್ರ ಅಲ್ಲಿ ರದ್ದಿ ಎತ್ತಾಕ ನಾ ಇರಂಗಿಲ್ಲ, ನೋಡ್ರಿ."