ನಲವತ್ತಮೂರನೆಯ ಫಾರ್ಮು

ದೀಕ್ಷಿತಾ ನಲವತ್ತೆರಡು ಮನೆಗಳಲ್ಲಿ ತುಂಬಿಸಿ ತಂದ ಸಮೀಕ್ಷೆಯ ಫಾರ್ಮುಗಳನ್ನು ತಿರುವಿ ಹಾಕಿ ಪ್ರತೀಕ್ ಸರ್ ಮೇಜಿನ ಮೇಲೆ ಕುಕ್ಕಿದರು. ಎಲ್ಲದರ ಕೊನೆಯ ಚೌಕದಲ್ಲೂ ಸೊನ್ನೆ. ‘ನಿಮ್ಮ ಬಾವಿಯ ನೀರು ಮೊದಲಿನಂತಾಗಲು ತಿಂಗಳಿಗೆ ಎಷ್ಟು ಕೊಡಲು ಸಿದ್ಧರಿದ್ದೀರಿ?’ ಎಂಬ ಪ್ರಶ್ನೆಗೆ ಇನ್ನಂಜೆ ಕಡೆಯ ಒಂದು ಮನೆಯವರೂ ಒಂದು ರೂಪಾಯಿ ಬರೆಸಿರಲಿಲ್ಲ.

“ಇಷ್ಟು ಸೊನ್ನೆ ಇಟ್ಕೊಂಡು ಏನ್ ಮಾಡ್ತೀಯ ದೀಕ್ಷಿತಾ? ಆ ನೀರಿಗೆ ಬೆಲೆಯೇ ಇಲ್ಲ ಅಂತಾಗುತ್ತೆ. ಇದನ್ನ ಬಿಸಾಡಿ ಬೇರೆ ಊರಿಗೆ ಹೋಗು. ಸೋಮವಾರ ವರದಿ ಬರದಿದ್ರೆ ಸೆಮಿಸ್ಟರ್ ಹೋಯ್ತು ಅಂತ ತಿಳ್ಕೋ.”

“ಬೇರೆ ಊರಿನ ಬಾವಿ ಸರಿ ಉಂಟಲ್ಲ ಸರ್, ಅಲ್ಲಿಗೆ ಹೋಗಿ ಎಂತ ಕೇಳುವುದು?”

ಸರ್ ಕೆಟ್ಟವರಲ್ಲ. ಪಾಪ, ಎರಡು ಪಾಠವನ್ನು ಒಬ್ಬರೇ ಮಾಡಬೇಕಿತ್ತು. ಬೆಳಿಗ್ಗೆ ಅಂತರರಾಷ್ಟ್ರೀಯ ಸ್ಪರ್ಧಾತ್ಮಕತೆ. ಆಗ ಕಾರ್ಖಾನೆಯ ಖರ್ಚು ಇಳಿಯಬೇಕು. ಮಧ್ಯಾಹ್ನ ಪರಿಸರ ಅರ್ಥಶಾಸ್ತ್ರ. ಆಗ ಅದೇ ಕಾರ್ಖಾನೆ ತೋಡಿನ ನೀರಿಗೆ ಬಿಟ್ಟ ಕೊಳಕಿಗೆಲ್ಲ ಉತ್ತರ ಕೊಡಬೇಕು. ನಡುವೆ ಊಟ ಮಾಡಿದ ಉಳಿದ ಹುಡುಗರಿಗೆ ಬೆಳಗಿನ ಪಾಠ ಮರೆತೇ ಹೋಗುತ್ತಿತ್ತು. ದೀಕ್ಷಿತಾಳಿಗೆ ಮರೆಯುತ್ತಿರಲಿಲ್ಲ. ಮೀನಿನ ಹುಡಿ ಮಾಡಿ ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿಯ ಕೊಳಕು ಆ ನಲವತ್ತೆರಡು ಬಾವಿಗಳಿಗೆ ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತ ಬೆಳೆದ ಹುಡುಗಿ, ಹಿಡಿದ ಹಟ ಬಿಡುವವಳಲ್ಲ. ಅಷ್ಟು ಜನ ಮುಖ ನೋಡಿ ಹೇಳಿದ ಮಾತನ್ನು ಕಸದ ಬುಟ್ಟಿಗೆ ಹಾಕುವುದೆಂದರೆ ಅವಳಿಗೆ ಮೈಯೆಲ್ಲ ಉರಿಯಿತು.

“ಒಂದು ಮನೆಗೆ ನೀವೇ ಬನ್ನಿ ಸರ್. ನೀವೇ ಕೇಳಿ. ಆಮೇಲೂ ಬಿಸಾಡು ಅಂದರೆ ಬಿಸಾಡುತ್ತೇನೆ.”

ಶನಿವಾರ ಸರ್ ಮಣಿಪಾಲದಿಂದ ಕಾರಿನಲ್ಲಿ ಬಂದರು. ದೀಕ್ಷಿತಾ ಅವರನ್ನು ಆ ನಲವತ್ತೆರಡು ಮನೆಗಳಲ್ಲಿ ಒಂದಕ್ಕೆ ಕರೆದುಕೊಂಡು ಹೋದಳು. ಆ ಮನೆಯ ಕಮಲಕ್ಕ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಬಾಳೆನಾರು ಬದಿಗಿಟ್ಟು ಎದ್ದು, ತಟ್ಟೆಯಲ್ಲಿ ಬೆಲ್ಲದ ತುಂಡು, ಸ್ಟೀಲಿನ ಲೋಟದಲ್ಲಿ ನೀರು ತಂದು ಇಟ್ಟರು. ಸರ್ ಮೈಸೂರು ಕಡೆಯವರು, ಬಿಸಿಲಿಗೆ ಬೆವೆತು ಹೋಗಿದ್ದರು. ಬೆಲ್ಲ ಬಾಯಿಗೆ ಹಾಕಿಕೊಂಡು ಲೋಟ ಎತ್ತಿದವರು, ಅದು ಮೂಗಿನ ಹತ್ತಿರ ಬರುತ್ತಲೇ ನಾತಕ್ಕೆ ಕೆಳಗಿಟ್ಟುಬಿಟ್ಟರು.

“ಅದನ್ನು ಕುಡಿಯಬೇಡಿ ಮಾಸ್ಟ್ರೇ,” ಎಂದರು ಕಮಲಕ್ಕ. “ಬಂದವರ ಮುಂದೆ ಬೆಲ್ಲ, ಬಾವಿಯ ನೀರು ಇಡುವುದು ನಮ್ಮ ಕ್ರಮ. ಇಡದಿದ್ದರೆ ಮನೆಗೆ ಮರ್ಯಾದೆ ಅಲ್ಲ. ಕುಡಿಯಲಿಕ್ಕೆ ಕ್ಯಾನಿನ ನೀರು ಉಂಟು, ತರುತ್ತೇನೆ.”

ನಲವತ್ತೆರಡು ಮನೆಗಳಲ್ಲೂ ಹೀಗೆಯೇ ಆಗಿತ್ತು. ದೀಕ್ಷಿತಾ ಎಲ್ಲ ಕಡೆ ಬೆಲ್ಲ ತಿಂದು ಲೋಟವನ್ನು ಹಾಗೆಯೇ ಹಿಂದಕ್ಕೆ ಸರಿಸಿದ್ದಳು. ಅದನ್ನು ಬರೆಯಲು ಫಾರ್ಮಿನಲ್ಲಿ ಚೌಕ ಇರಲಿಲ್ಲ.

ಕ್ಯಾನಿನ ನೀರು ಕುಡಿದು, ಇನ್ನೊಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು, ಸರ್ ಗಂಟಲು ಸರಿಮಾಡಿಕೊಂಡು ಆ ಕೊನೆಯ ಪ್ರಶ್ನೆ ಕೇಳಿದರು. ತಿಂಗಳಿಗೆ ಎಷ್ಟು ಕೊಡುತ್ತೀರಿ?

“ಸೊನ್ನೆ. ಆವತ್ತೇ ಹೇಳಿದ್ದೇನಲ್ಲ. ಬಾವಿ ಹಾಳು ಮಾಡಿದ್ದು ನಾನಾ?”

“ಹಾಗಲ್ಲ ಅಮ್ಮ. ಆ ನೀರಿಗೆ ಎಷ್ಟು ಬೆಲೆ ಅಂತ ನಮಗೆ ಗೊತ್ತಾಗಬೇಕಲ್ಲ.”

“ಓ, ಅಷ್ಟೆಯಾ?” ಕಮಲಕ್ಕ ಬಾವಿನೀರಿನ ಲೋಟವನ್ನು ಅವರ ಮುಂದಕ್ಕೆ ಮೆಲ್ಲಗೆ ದೂಡಿದರು. “ಹಾಗಾದರೆ ಎಷ್ಟು ಕೊಟ್ಟರೆ ನೀವು ಇದನ್ನು ಕುಡಿಯುತ್ತೀರಿ, ಅದನ್ನು ಹೇಳಿ.”

ಸರ್ ಅವರ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ. ಅವರು ದೀಕ್ಷಿತಾಳ ಕಡೆ ತಿರುಗಿದರು. ಅವಳು ಆಗಲೇ ಹೊಸ ಫಾರ್ಮು ತೆಗೆದು, ಮೇಲೆ ನಲವತ್ತಮೂರು ಎಂದು ಹಾಕಿ, ಹೆಸರಿನ ಜಾಗದಲ್ಲಿ ‘ಪ್ರತೀಕ್, ಅಧ್ಯಾಪಕರು’ ಎಂದು ಬರೆದಾಗಿತ್ತು. ಪೆನ್ನಿನ ತುದಿ ಕೊನೆಯ ಚೌಕದ ಮೇಲೆ ಕಾಯುತ್ತಿತ್ತು.

“ಎಷ್ಟು ಬರೆಯಲಿ ಸರ್?”