ಸಿಗ್ನಲ್ ಸಿಗದ ಜೀಪು

ಆಂಟೆನಾ ಮತ್ತೆ ಸತ್ತಿತ್ತು. ಶಿವಲಕ್ಷ್ಮಮ್ಮ ಜೀಪಿನ ಡ್ಯಾಶ್‌ಬೋರ್ಡಿನ ಮೇಲಿದ್ದ ಜಿ.ಪಿ.ಎಸ್. ಯಂತ್ರವನ್ನು ಎರಡು ಸಲ ಆರಿಸಿ ಹಚ್ಚಿದರು. ನಿನ್ನೆ ಸಂಜೆ ಆರು ಉಪಗ್ರಹಗಳನ್ನು ಹಿಡಿದಿದ್ದ ಯಂತ್ರ ಈಗ ಒಂದನ್ನೂ ಹಿಡಿಯಲಿಲ್ಲ.

"ನಿನ್ನೆ ಬೆಳಿಗ್ಗೆಯೂ ಹೀಗೇ. ಈ ಜೀಪನ್ನು ನೋಡಿಕೊಳ್ಳೋದು ಯಾರು?"

ಸರ್ವೇಯರ್ ಅಮರೇಶಪ್ಪ ತಲೆ ತಗ್ಗಿಸಿದ. "ಡ್ರೈವರ್ ಓಬಳೇಶಪ್ಪ, ಮೇಡಂ" ಎಂದ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ಅವನ ಮುಖ ಕಪ್ಪಿಟ್ಟಿತು.

ಅದು ೧೯೯೮ರ ಬೇಸಿಗೆ. ಕುಡಿಯುವ ನೀರಿನ ಯೋಜನೆಯೊಂದರ ಹಿಂದೂಪುರದ ಆಫೀಸಿಗೆ ಈ ಯಂತ್ರ ಬಂದು ವರ್ಷವಾಗಿತ್ತು. ಪ್ರತಿ ಬೋರ್‌ವೆಲ್ ಬಳಿ ನಿಂತು ಅದು ಇರುವ ಜಾಗ, ಅದರ ನೀರು ಎಂಥದ್ದು ಎಂದು ಬರೆಯಬೇಕು. ನೀರು ಕೆಟ್ಟಿರುವ ಊರಿಗೆ ಪೈಪ್‌ಲೈನು. ಆದರೆ ಜೀಪಿನ ತಗಡಿನ ಚಾವಣಿಯ ಕೆಳಗೆ ಸಿಗ್ನಲ್ ಬರುತ್ತಿರಲಿಲ್ಲ. ಕೆಳಗಿಳಿದು, ಬಿಸಿಲಲ್ಲಿ ಯಂತ್ರ ಹಿಡಿದು ಕಾಯಬೇಕಿತ್ತು. ಹಾಗೆ ಕಾದು ತಂದ ಲೆಕ್ಕದಲ್ಲೂ ಕೆಲವು ಬೋರ್‌ವೆಲ್‌ಗಳು ನಕ್ಷೆಯಲ್ಲಿ ಗುಡ್ಡದ ಮೇಲೆ ಬಿದ್ದಿದ್ದವು. ಸಿಗ್ನಲ್ಲಿನ ದೋಷ ಎಂದು ಅಮರೇಶಪ್ಪ ಷರಾ ಬರೆದಿದ್ದ.

ಆ ದೋಷ ತೆಗೆಯಲೆಂದೇ ಎಂಜಿನಿಯರ್ ಶಿವಲಕ್ಷ್ಮಮ್ಮ ಹೈದರಾಬಾದಿನಿಂದ ಐದು ದಿನಕ್ಕೆ ಬಂದಿದ್ದರು. ಅಯಸ್ಕಾಂತದ ಬುಡವಿದ್ದ ಪುಟ್ಟ ಆಂಟೆನಾವನ್ನು ಚಾವಣಿಯ ಮೇಲೆ ಕೂರಿಸಿದರು. ಕಿಟಕಿಯ ರಬ್ಬರಿನ ಸಂದಿಯಿಂದ ಕಪ್ಪು ವೈರನ್ನು ಒಳಗೆ ತಂದರು. ಜೀಪು ಓಡುತ್ತಿರುವಾಗಲೇ ಯಂತ್ರ ಸಿಗ್ನಲ್ ಹಿಡಿಯಿತು. ಇನ್ನು ಕಲ್ಯಾಣದುರ್ಗ ದಾಟಿ ಸೆಟ್ಟೂರು ಕಡೆಯ ಹನ್ನೊಂದು ಊರು ಸುತ್ತಿ, ಅಮರೇಶಪ್ಪ ಹೋದ ವರ್ಷ ಬರೆದ ಹಳೆಯ ಪಟ್ಟಿಯ ಜೊತೆ ತಾಳೆ ನೋಡುವುದಷ್ಟೇ ಬಾಕಿ.

"ಜೀಪು ಎಲ್ಲೆಲ್ಲಿ ಹೋಯ್ತು ಅಂತ ಇದು ಎಲ್ಲಾ ಬರ್ಕೋತದಾ ಮೇಡಂ?" ಓಬಳೇಶಪ್ಪ ಅವತ್ತು ಕೇಳಿದ್ದ.

"ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಅನ್ನೋದನ್ನೂ."

"ಹಂಗಾದ್ರೆ ಸುಳ್ಳು ಹೇಳಂಗಿಲ್ಲ" ಎಂದು ಅವನು ನಕ್ಕಿದ್ದ. ಅಮರೇಶಪ್ಪ ನಕ್ಕಿರಲಿಲ್ಲ.

ಆಫೀಸಿನ ಜೀಪು ಲೇಪಾಕ್ಷಿಯ ಮದುವೆ ಮನೆಗಳ ಮುಂದೆ ಕಾಣುತ್ತದೆ ಎಂಬ ಮಾತು ಮೊದಲಿಂದಲೂ ಇತ್ತು. ಓಬಳೇಶಪ್ಪನ ಊರು ಲೇಪಾಕ್ಷಿ. ದಿನಾ ಮೊದಲ ಬಸ್ಸಿಗೆ ಬಂದು ಕಾಂಪೌಂಡಿನಲ್ಲಿ ನಿಂತ ಜೀಪನ್ನು ತೊಳೆಯುತ್ತಿದ್ದ. ಆಫೀಸಿನ ಹಿಂದಿನ ಕೋಣೆಯಲ್ಲೇ ವಾಸವಿದ್ದ ಅಮರೇಶಪ್ಪ ಅವನಿಗೆ ಚಹಾ ಕೊಡುತ್ತಿದ್ದ. ಒಂಬತ್ತು ವರ್ಷದ ಸ್ನೇಹ.

ಮರುದಿನ, ಬಂದ ನಾಲ್ಕನೆಯ ದಿನ, ಶಿವಲಕ್ಷ್ಮಮ್ಮ ಹೇಳದೆ ಕೇಳದೆ ಬೆಳಿಗ್ಗೆ ಏಳಕ್ಕೇ ಬಂದರು. ಓಬಳೇಶಪ್ಪ ಕಿಟಕಿಯ ಬಳಿ ಬಗ್ಗಿದ್ದ. ಎಡಗೈಯಲ್ಲಿ ವೈರು. ಬಲಗೈಯಲ್ಲಿ ಗುಂಡುಸೂಜಿ.

"ಏಂಟಿದಿ?" ಇದೇನೆಂದು ತೆಲುಗಿನಲ್ಲೇ ಕೇಳಿದರು.

ಅವನು ಕೈ ಮುಚ್ಚಿಕೊಳ್ಳಲಿಲ್ಲ. ಶಿವಲಕ್ಷ್ಮಮ್ಮ ವೈರನ್ನು ಬೆಳಕಿಗೆ ಹಿಡಿದರು. ರಬ್ಬರಿನ ಸಂದಿಯಲ್ಲಿ ಅಡಗುವ ಜಾಗದಲ್ಲಿ ಸೂಜಿ ಹೊಕ್ಕ ತೂತುಗಳು, ಮೂರು. ಒಳಗಿನ ತಂತಿ ಹೊರಗಿನ ಜಾಲರಿಗೆ ತಗುಲಿ ಈ ಸಲ ಯಂತ್ರವೇ ಸುಟ್ಟಿತ್ತು. ಬೇರೆಯದು ಇರಲಿಲ್ಲ.

ಅಷ್ಟರಲ್ಲಿ ಅಮರೇಶಪ್ಪ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದ. ಓಬಳೇಶಪ್ಪ ಅವನನ್ನೇ ನೋಡಿದ. ಬಹಳ ಹೊತ್ತು ನೋಡಿದ. ಅಮರೇಶಪ್ಪ ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ತಪ್ಪಾಯ್ತು ಮೇಡಂ" ಎಂದ ಓಬಳೇಶಪ್ಪ.

"ಯಾಕೆ ಮಾಡಿದೆ?"

"ತಪ್ಪಾಯ್ತು ಅಂದ್ನಲ್ಲ."

ಮಧ್ಯಾಹ್ನದೊಳಗೆ ಅವನ ಕೆಲಸ ಹೋಯಿತು. ಪೊಲೀಸರಿಗೆ ದೂರು ಕೊಡುವುದು ಬೇಡ ಎಂದು ಅಮರೇಶಪ್ಪ ಕೈಮುಗಿದು ಕೇಳಿಕೊಂಡ. ಅದನ್ನು ಕಂಡು ಶಿವಲಕ್ಷ್ಮಮ್ಮನಿಗೆ ಮರುಕವಾಯಿತು. "ನೀವು ತುಂಬಾ ಮೆತ್ತನೆ ಮನುಷ್ಯ" ಎಂದರು. ಸೆಟ್ಟೂರಿಗೆ ಹೋಗಲು ಇನ್ನು ಸಮಯವಿರಲಿಲ್ಲ. ಹನ್ನೊಂದೂ ಊರಿನ ನೀರು ಚೆನ್ನಾಗಿದೆ ಎಂದಿದ್ದ ಹಳೆಯ ಪಟ್ಟಿಗೇ ತಾವು ಸಹಿ ಹಾಕಿ, ಅದನ್ನು ಮೇಲಿನ ಆಫೀಸಿಗೆ ಕಳಿಸುವಂತೆ ಅಮರೇಶಪ್ಪನಿಗೆ ಹೇಳಿದರು.

ಅಮರೇಶಪ್ಪ ಊಟಕ್ಕೆ ಕೂತ. ಮುದ್ದೆ ಮುರಿದವನು ತಟ್ಟೆ ಸರಿಸಿ ಬಸ್ ಸ್ಟ್ಯಾಂಡಿಗೆ ಓಡಿದ.

ಲೇಪಾಕ್ಷಿ ಬಸ್ಸು ಇನ್ನೂ ಹೊರಟಿರಲಿಲ್ಲ. ಓಬಳೇಶಪ್ಪ ಕಿಟಕಿಯ ಪಕ್ಕ ಕೂತಿದ್ದ.

"ಓಬಳೇಶಪ್ಪ, ಇಳಿ. ಮೇಡಂ ಹತ್ತಿರ ನಾನು ಮಾತಾಡ್ತೀನಿ."

"ಏನಂತ ಮಾತಾಡ್ತೀರ ಸಾರ್?"

ಅಮರೇಶಪ್ಪ ಕಿಟಕಿಯ ಸರಳು ಹಿಡಿದು ನಿಂತ. ಕಂಡಕ್ಟರ್ ಸೀಟಿ ಊದಿದ.

"ಬುಡಿ ಸಾರ್. ನಾವು ಮಗ್ಗದ ಮನೇರು. ಎಳೇಲಿ ಎಲ್ಲಿ ಗಂಟು ಐತೆ ಅಂತ ಬೆರಳಿಗೇ ಗೊತ್ತಾಯ್ತದೆ. ನೀವು ಚುಚ್ಚಿದ್ದ ಸೂಜಿ ಸಿಕ್ತು, ಕಿತ್ತೆ, ಅಷ್ಟ್ರಲ್ಲಿ ಮೇಡಂ ಬಂದ್ಬುಟ್ರು. ನೀವೇ ಹೇಳ್ತೀರೇನೋ ಅಂತ ಕಾದೆ."

ಬಸ್ಸು ಅಲುಗಿತು. ಅಮರೇಶಪ್ಪ ಅದರ ಜೊತೆ ನಾಲ್ಕು ಹೆಜ್ಜೆ ನಡೆದ.

"ನಂಗೆ ಇನ್ನೊಂದು ಸ್ಟೀರಿಂಗ್ ಸಿಕ್ತದೆ. ನಿಮ್ಗೆ ಹೋದ ಹೆಸರು ಸಿಗಲ್ಲ ಕಣಪ್ಪ" ಎಂದ ಓಬಳೇಶಪ್ಪ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಸಾರ್ ಅನ್ನಲಿಲ್ಲ.

"ಹೋದ್ವರ್ಷ ಆ ಹನ್ನೊಂದು ಊರು ನೋಡಿದ್ವಿ ಅಂತ ನೀವು ಬರೆದ ನಾಕು ದಿನಾನೂ ಜೀಪು ಕಲ್ಯಾಣದುರ್ಗದ ಲಾಡ್ಜ್ ಮುಂದೇನೇ ನಿಂತಿತ್ತು, ಇನ್ನಾದ್ರೂ ಒಂದ್ಸಲ ಹೋಗಿ, ಅಲ್ಲಿ ನೀರು ಕುಡಿದು ನೋಡಿ ಬನ್ನಿ."